ಸೇತುವೆಯ ಕೆಂಪು ದೀಪ ದಾಟಿದ ಒಂಬತ್ತು ಸೈಕಲ್‌ಗಳು

ನನಗೆ ಕಳೆದ ಮೇ ತಿಂಗಳಲ್ಲಿ ಮದುವೆಯಾಯಿತು, ಹಾಗಾಗಿ ಇಲ್ಲಿ ಕೊಡುತ್ತಿರುವ ವಿಳಾಸ ಹೊಸದು: ಯಶ್ಮಿತಾ ರೈ, ಪ್ರಾಯ 26 ವರ್ಷ, ಗಂಡ ಸಂಪ್ರೀತ್ ರೈ, ಉದ್ಯೋಗ ಮದುವೆಗೆ ಮೊದಲು ಮಂಗಳೂರಿನಲ್ಲಿ ಶಿಕ್ಷಕಿ, ವಾಸ ಕೋಡಿಂಬಾಳ ಗ್ರಾಮ, ಕಡಬ ತಾಲೂಕು. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳಾದ್ದರಿಂದ ನನ್ನ ಮಾತನ್ನು ಹೆಡ್ ಕಾನ್ಸ್‌ಟೇಬಲ್‌ರವರು ಬರೆದುಕೊಂಡಿದ್ದಾರೆ. ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ ಒಂದು ಸೈಕಲ್ ಕ್ಲಬ್ಬಿನ ಸದಸ್ಯರು. ನಿನ್ನೆ ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಒಂಬತ್ತು ಜನ ಕಡಬದಿಂದ ಸುಬ್ರಹ್ಮಣ್ಯಕ್ಕೆ ಹೊರಟರು. ಬಾಳೆಹಣ್ಣು, ನೀರು ಇಟ್ಟುಕೊಂಡು ಹಿಂದಿನಿಂದ ಕಾರು ಬಿಡುವುದು ನನ್ನ ಕೆಲಸ. ನಾನೇ ಆಸೆಪಟ್ಟು ಕೇಳಿಕೊಂಡದ್ದು. ಸಂಪ್ರೀತ್ ಸೈಕಲಿನಲ್ಲಿ ತುಂಬಾ ಚಂದ ಕಾಣುತ್ತಾರೆ.

ಕ್ಲಬ್ಬಿನಲ್ಲಿ ಬಹಳ ಶಿಸ್ತು ಉಂಟು ಎಂದು ಅವರು ನನಗೆ ಹೇಳಿದ್ದರು. ಗುಂಡಿ ಕಂಡರೆ ಕೈ ತೋರಿಸಬೇಕು, ಸಾಲು ಬಿಡಬಾರದು, ಹೆಲ್ಮೆಟ್ ತೆಗೆಯಬಾರದು. ತಿರುವುಗಳಲ್ಲಿ ಮುಂದಿನವನು ನೋಡಿ ಕ್ಲಿಯರ್ ಎಂದು ಕೂಗುತ್ತಾನೆ, ಪ್ರತಿಯೊಬ್ಬರೂ ಅದನ್ನು ಹಿಂದಿನವರಿಗೆ ಕೂಗುತ್ತಾರೆ. ಕೂಗು ಬಂದ ಮೇಲೆ ಹಿಂದಿನವರು ನೋಡುವ ಕ್ರಮ ಇಲ್ಲ. ನೋಡಿದರೆ ಮುಂದಿನವನ ಮೇಲೆ ನಂಬಿಕೆ ಇಲ್ಲ ಎಂದಾಗುತ್ತದಂತೆ.

ಸುಮಾರು 7.20ಕ್ಕೆ ದುರಸ್ತಿಯಲ್ಲಿರುವ ಸಣ್ಣ ಸೇತುವೆಗೆ ತಲುಪಿದೆವು. ಅಲ್ಲಿ ಒಂದೇ ಬದಿ ತೆರೆದಿರುವುದರಿಂದ ಎರಡೂ ತುದಿಯಲ್ಲಿ ತಾತ್ಕಾಲಿಕ ಸಿಗ್ನಲ್ ಹಾಕಿದ್ದಾರೆ. ನಮ್ಮ ಕಡೆ ಕೆಂಪು ಇತ್ತು. ಆಚೆಯಿಂದ ಒಂದು ಜೀಪು ದಾಟಿ ಬಂತು. ನಾನು ಕಾರು ನಿಲ್ಲಿಸಿದೆ. ಸೈಕಲಿನವರೂ ಒಂದು ಕಾಲು ಊರಿದರು.

ಆಗ ಕ್ಲಬ್ಬಿನ ಕ್ಯಾಪ್ಟನ್ ಶ್ರೀಶ, ಲೈಟು ಇರುದು ಗಾಡಿಗಳಿಗೆ ಮಾರಾಯ್ರೆ, ನಿಮ್ಮದಕ್ಕೆ ಪೆಟ್ರೋಲ್ ಹಾಕ್ತೀರಾ ಎಂದು ಕೇಳಿದರು. ಎಲ್ಲರೂ ನಕ್ಕರು. ಅವರು ಮುಂದೆ ಹೋಗಿ ಕ್ಲಿಯರ್ ಎಂದು ಕೂಗಿದರು. ಒಬ್ಬರ ಹಿಂದೆ ಒಬ್ಬರು ಹೋದರು. ಕೊನೆಯವರು ನನ್ನ ಗಂಡ. ಅವರು ಕೆಂಪು ದೀಪವನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಆಗ ನನಗೆ ಅದು ಇಷ್ಟವಾಯಿತು.

ಎಂಟು ಸೈಕಲ್‌ಗಳು ದಾಟಿದವು. ಸಂಪ್ರೀತ್ ಸೇತುವೆಯ ನಡುವಿನಲ್ಲಿದ್ದಾಗ ಎದುರಿನಿಂದ ಹೈದರ್ ಎಂಬವರ ಆಟೋ ಸೇತುವೆಗೆ ಬಂತು. ಜೋರಾಗಿ ಬಂದದ್ದಲ್ಲ. ನನ್ನ ಗಂಡನನ್ನು ತಪ್ಪಿಸಲು ಹೈದರ್ ಬದಿಗೆ ತಿರುಗಿಸಿದಾಗ ಆಟೋ ಕಟ್ಟೆಗೆ ಬಡಿದು ಮಗುಚಿತು. ಅವರ ಬಲಗಾಲು ಅಡಿಗೆ ಸಿಕ್ಕಿಕೊಂಡಿತು. ಸಂಪ್ರೀತ್ ಕೂಡ ಬಿದ್ದರು, ಮೊಣಕೈ ತರಚಿತು.

ನಾನು ಕಾರಿನಿಂದ ಇಳಿದು ಓಡಿದೆ. ಶ್ರೀಶ ಮೊದಲು ಮಾಡಿದ ಕೆಲಸ ಎಂದರೆ ಕೈಯ ವಾಚಿನಲ್ಲಿ ಸಮಯ ನಿಲ್ಲಿಸಿದ್ದು. ಇಲ್ಲವಾದರೆ ಆವರೇಜ್ ಸ್ಪೀಡ್ ಇಳಿಯುತ್ತದೆ ಎಂದು ಉಳಿದವರಿಗೂ ಹೇಳಿದರು. ಅವರೂ ನಿಲ್ಲಿಸಿದರು. ಹೈದರ್ ಉಮ್ಮಾ ಎಂದು ಅರಚುತ್ತಿದ್ದರು. ನನ್ನ ಗಂಡ ಎದ್ದು ಸೈಕಲ್ ಎತ್ತಿ, ಮುಂದಿನ ಚಕ್ರ ತಿರುಗಿಸಿ ಬೆಂಡ್ ಆಗಿದೆಯೇ ಎಂದು ಕಣ್ಣು ಹತ್ತಿರ ಇಟ್ಟು ನೋಡುತ್ತಿದ್ದರು. ನನಗೆ ಹೇಸಿಗೆಯಾಯಿತು. ಬೇರೆ ಪದ ನನಗೆ ಗೊತ್ತಿಲ್ಲ. ಆಟೋ ಎತ್ತಲು ಬನ್ನಿ ಎಂದು ನಾನು ಎರಡು ಸಲ ಕರೆಯಬೇಕಾಯಿತು. ಹೈದರ್ ಅವರನ್ನು ನನ್ನ ಕಾರಿನಲ್ಲೇ ಪುತ್ತೂರಿನ ಆಸ್ಪತ್ರೆಗೆ ಸೇರಿಸಿದೆ. ಕಾಲಿನ ಎಲುಬು ಮುರಿದಿದೆ.

ಆಟೋ ಸಿಗ್ನಲ್ ಹಾರಿಸಿ ಅತಿವೇಗದಲ್ಲಿ ಬಂತೆಂದು ಶ್ರೀಶ ದೂರು ಕೊಟ್ಟಿರುವುದು ಸಂಜೆ ತಿಳಿಯಿತು. ಅತ್ತಿಗೆ, ಹಸಿರಿತ್ತು ಎಂದು ಒಂದು ಮಾತು ಹೇಳಿದರೆ ಸಾಕು, ಎಲ್ಲ ನಾವು ನೋಡಿಕೊಳ್ಳುತ್ತೇವೆ ಎಂದು ಅವರು ನನಗೆ ಫೋನ್ ಮಾಡಿದರು. ನನ್ನ ಅತ್ತೆ ಅಮ್ಮು ರೈಯವರು, ಮದುವೆಯ ಮದರಂಗಿ ಮಾಸ್ಲಿಲ್ಲ, ಗಂಡನ ಮೇಲೆ ಸಾಕ್ಷಿ ಹೇಳುದು ಎಂತ ಕ್ರಮ ಎಂದು ಕೇಳಿದರು. ಸಂಪ್ರೀತ್ ಮೊಣಕೈಗೆ ಮುಲಾಮು ಹಚ್ಚಿಕೊಡು ಎಂದು ಮಾತ್ರ ಕೇಳಿದರು. ಹಚ್ಚಿದೆ.

ಆಚೆ ಬದಿಯ ದೀಪ ನನಗೆ ಕಾಣುತ್ತಿರಲಿಲ್ಲ, ಅದರ ಬಗ್ಗೆ ಹೇಳಲಾರೆ. ನಮ್ಮ ಕಡೆಯದು ಒಂಬತ್ತೂ ಸೈಕಲ್ ಹೋಗುವಾಗ ಕೆಂಪೇ ಇತ್ತು. ಹೈದರ್ ಮೇಲೆ ಕೇಸು ಹಾಕಿದರೆ ಅದು ಅನ್ಯಾಯ.

ಸ್ಥಳ ತೋರಿಸಲು ನಾನು ಮತ್ತೆ ಬರಬೇಕೆಂದು ಸಬ್ ಇನ್‌ಸ್ಪೆಕ್ಟರ್‌ರವರು ತಿಳಿಸಿದ್ದಾರೆ. ಹೊಸ ಮದುಮಗಳು ಆಟಿ ತಿಂಗಳು, ಅಂದರೆ ಆಷಾಢದಲ್ಲಿ, ತವರಿನಲ್ಲಿ ಕೂರುವುದು ನಮ್ಮಲ್ಲಿ ರೂಢಿ, ಈ ವಾರ ಮಂಗಳೂರಿಗೆ ಹೋಗುತ್ತೇನೆ. ಆಟಿ ಮುಗಿಯದೆ ಈ ಕಡೆ ಕಾಲಿಡಬೇಡ, ಅಷ್ಟರಲ್ಲಿ ಎಲ್ಲ ತಣ್ಣಗಾಗುತ್ತದೆ ಎಂದು ಅತ್ತೆ ಹೇಳಿದ್ದಾರೆ. ಆಟಿಯಲ್ಲಿ ಬರಬಾರದಾದದ್ದು ಗಂಡನ ಮನೆಗೆ. ನಾನು ಬರುವುದು ಠಾಣೆಗೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಕೇಳಿದ್ದು ಇಷ್ಟೇ, ಯಾರ ಒತ್ತಾಯವೂ ಇಲ್ಲದೆ ಹೇಳಿದ್ದೇನೆ, ಎಲ್ಲವೂ ಸತ್ಯ.

ಸ್ಥಳ: ಕಡಬ
ದಿನಾಂಕ: 13.07.2026
ಸಹಿ: ಯಶ್ಮಿತಾ ರೈ

ಸಾಕ್ಷಿ ಹಾಜರಾಗುವುದು: 28.07.2026, ಮಂಗಳವಾರ, ಮಂಗಳೂರಿನಿಂದ ಸುಬ್ರಹ್ಮಣ್ಯ ರೋಡಿಗೆ ಬರುವ ಬೆಳಗ್ಗಿನ ಪ್ಯಾಸೆಂಜರ್ ರೈಲಿನಲ್ಲಿ, ಕೋಡಿಂಬಾಳ ಸ್ಟೇಷನ್‌ನಲ್ಲಿ ಇಳಿದು ಕಡಬ ಠಾಣೆಗೆ.