ಮರಿಯಪ್ಪನಿಗೆ ಎತ್ತಿಕೊಟ್ಟ ಚೆಂಡು

ರಾಮನಗರದಲ್ಲಿ ರೇಷ್ಮೆಗೂಡು ಮಾರಿ, ದೊಡ್ಡಮಳೂರಿನ ಸರಸಮ್ಮ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದ ಕಲ್ಲುಬೆಂಚಿನಲ್ಲಿ ರೇಷ್ಮೆ ಕಾರ್ಖಾನೆಯ ವಾಲಿಬಾಲ್ ಟೀಮಿನ ಇಬ್ಬರು ಕೂತಿದ್ದರು. ಚನ್ನಯ್ಯ ನೆಟ್ಟಿನ ಬಳಿ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವನು, ಲಕ್ಕಯ್ಯ ಅವನ ಜೊತೆಗಾರ. ಆಟದಿಂದಲೇ ಇಬ್ಬರಿಗೂ ಕೆಲಸ ಸಿಕ್ಕಿತ್ತೆಂದು ಮಾತಿನಲ್ಲೇ ತಿಳಿಯಿತು.

“ಸೋತ್ಮೇಲೆ ಯಾರೂ ನನ್ನ ಮಾತಾಡಿಸ್ನಿಲ್ಲ ಕಣ್ಲಾ ಲಕ್ಕ.”

“ಇನ್ನೇನ್ಲಾ ಮತ್ತೆ? ಮರಿಯಪ್ಪ ಮೂರು ಸಲ ನೆಟ್ಟಿಗೆ ಹೊಡ್ದ. ಕೊನೇ ಪಾಯಿಂಟಲ್ಲೂ ಚೆಂಡು ಅವ್ನಿಗೇ ಎತ್ಕೊಟ್ಬುಟ್ಟೆ.”

“ವರ್ಸೆಲ್ಲಾ ನಮ್ಮನ್ನ ಗೆಲ್ಸಿದ್ದು ಅವ್ನೇ ಅಲ್ವಾ?”

“ನಿಂಗೆ ಒಸಿನೂ ಭಯ ಆಗ್ನಿಲ್ವಾ?”

“ಆಯ್ತು. ಆದ್ರೆ ಚೆಂಡು ತನಗೆ ಬರಾಕಿಲ್ಲ ಅಂತ ಅವ್ನು ತಲೆ ಬಗ್ಗಿಸ್ಕಂಡು ನಿಂತಿದ್ದ. ಆಗ ಬೇರೆಯವ್ನಿಗೆ ಕೊಟ್ಟಿದ್ರೆ ಅವ್ನು ಇನ್ಯಾವತ್ತೂ ಧೈರ್ಯವಾಗಿ ಹಾರ್ತಿರ್ನಿಲ್ಲ.”

ಲಕ್ಕಯ್ಯ ಬಸ್ಸು ಬರುವ ದಾರಿಯತ್ತ ಕತ್ತು ಚಾಚಿ ನೋಡಿದ.

“ಟೀಮಿಂದ ನಿನ್ನ ತೆಗ್ದಾಕಿ ಅಂತ ಸಾಹೇಬ್ರತ್ರ ಹೇಳ್ದೋನೂ ಮರಿಯಪ್ಪನೇ ಕಣ್ಲಾ.”

“ಗೊತ್ತು. ನಾಳೆ ಪ್ರಾಕ್ಟೀಸಲ್ಲೂ ಅವ್ನಿಗೇ ಎತ್ತಿಕೊಡ್ತೀನಿ. ನೀನು ಬತ್ತೀಯಾ?”

ಮಾಗಡಿ ಬಸ್ಸು ಬಂತು. ಲಕ್ಕಯ್ಯ ಎದ್ದು ಹತ್ತಿಕೊಂಡ. ಚನ್ನಯ್ಯ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಎದ್ದ. ಅವನನ್ನು ಕರೆದು ಏನಾದರೂ ಹೇಳಬೇಕೆಂದು ಸರಸಮ್ಮನಿಗೆ ಅನ್ನಿಸಿತು. ಮಾತು ಹೊಳೆಯುವಷ್ಟರಲ್ಲಿ ಅವನು ಗೂಡಿನ ಗಾಡಿಗಳನ್ನು ದಾಟಿ ಮೈದಾನದ ಕಡೆ ಒಬ್ಬನೇ ನಡೆದುಬಿಟ್ಟಿದ್ದ.