ದುಂಗಾನ್ ಅಂದರೆ ಯಾವ ಜಾತಿ

2006ರ ಬೇಸಿಗೆ. ಕಾರಿನ ಕಾಗದಕ್ಕೆಂದು ಕೌಂಟಿ ಕಚೇರಿಯ ಸಾಲಿನಲ್ಲಿ ನಿಂತಿದ್ದೆ. ಪಕ್ಕದ ಬೆಂಚಿನಲ್ಲಿ ಮದುವೆ ಲೈಸೆನ್ಸಿಗೆ ಬಂದ ನಂದಿತಾ ಎಂಬ ಹುಡುಗಿ, ಅದನ್ನು ತಡೆಯಲು ಮಿಲ್ ಕ್ರೀಕ್ ಊರಿನಿಂದ ಓಡಿಬಂದ ಅವಳ ಅಣ್ಣ. ಇಲ್ಲಿ ಪರದೇಶದಲ್ಲಿ ಕನ್ನಡ ಯಾರಿಗೂ ತಿಳಿಯದು ಎಂದುಕೊಂಡು ಗಟ್ಟಿಯಾಗಿಯೇ ಜಗಳವಾಡುತ್ತಿದ್ದರು.

“ಒಂದ್ಸಲ ರಷ್ಯಾದವನು ಅಂತೀಯ, ಒಂದ್ಸಲ ಚೀನಾದವನು ಅಂತೀಯ. ಯಾವ ಜಾತಿ ಅವನು?”

“ದುಂಗಾನ್. ಎಷ್ಟು ಸಲ ಹೇಳ್ಲಿ ಅಣ್ಣ?”

“ಹಾಗಂದ್ರೆ?”

“ಚೀನಾದ ಮುಸ್ಲಿಮರು. ನೂರು ವರ್ಷಕ್ಕೂ ಹಿಂದೆ ದೊರೆ ಮೇಲೆ ದಂಗೆ ಎದ್ದು ಸೋತ್ರು. ಜೀವ ಉಳಿಸ್ಕೊಳ್ಳೋಕೆ ಹಿಮದ ಬೆಟ್ಟ ದಾಟಿ, ಆಗ ರಷ್ಯಾದ ಕೈಲಿದ್ದ ಕಿರ್ಗಿಸ್ತಾನದ ಕಡೆ ಬಂದ್ರು.”

“ಮಾತು ಚೀನಾದ್ದು, ಅಕ್ಷರ ರಷ್ಯಾದ್ದು, ದೇವರು ಅರಬ್ಬರದ್ದು. ಸ್ವಂತದ್ದು ಏನಿದೆ ಅವನಿಗೆ?”

“ನಿನ್ನ ಮಗ ಯುಗಾದಿಗೆ ಹಾಡಿದ್ನಲ್ಲ, ಕನ್ನಡ ಹಾಡನ್ನ ಇಂಗ್ಲಿಷ್ ಅಕ್ಷರದಲ್ಲಿ ಬರ್ಕೊಂಡು? ಅವನಿಗೆ ಸ್ವಂತದ್ದು ಏನಿದೆ?”

“ನನ್ನ ಮಗನ ಸುದ್ದಿಗೆ ಬರಬೇಡ!”

“ಬರ್ತೀನಿ. ಇಸ್ಮಾರ್ ಮನೇಲಿ ಐದು ತಲೆಮಾರಾದ್ರೂ ತಮ್ಮ ಮಾತನ್ನೇ ಆಡ್ತಾರೆ. ನಿನ್ನ ಮನೇಲಿ ಒಂದೇ ತಲೆಮಾರಿಗೆ ಮುಗೀತು.”

ಅಣ್ಣನ ಮುಖ ಕೆಂಪಾಯಿತು. ಮಾತು ನನಗೂ ಚುಚ್ಚಿತು. ನನ್ನ ಮಕ್ಕಳೂ ಹಾಗೇ.

“ಈ ಮದುವೆ ಆದ್ರೆ, ನಂದಿತಾ ಸತ್ಲು ಅಂತ ಅಮ್ಮಂಗೆ ಹೇಳ್ತೀನಿ.”

ಕೌಂಟರಿನವರು ನಂಬರ್ ಕೂಗಿದರು. ಕಾರು ನಿಲ್ಲಿಸಿ ಒಳಗೆ ಬಂದ ಇಸ್ಮಾರ್ ನಗುತ್ತಾ ಕೈ ಚಾಚಿದ. ಅಣ್ಣ ತನ್ನ ಎರಡೂ ಕೈ ಜೇಬಿಗೆ ಹಾಕಿಕೊಂಡ.

“ಸತ್ಲು ಅಂತಾನೇ ಹೇಳು. ತಿಥಿ ಯಾವತ್ತು ಅಂತ ತಿಳಿಸು, ಊಟಕ್ಕೆ ಇಬ್ಬರೂ ಬರ್ತೀವಿ,” ಎಂದ ನಂದಿತಾ, ಚಾಚಿದ ಆ ಕೈಯನ್ನು ತಾನೇ ಹಿಡಿದುಕೊಂಡು ಕೌಂಟರಿಗೆ ಹೋದಳು.