ನಾಲ್ಕೂ ಕಡೆಗೆ

೨೦೨೩ರ ಮಾರ್ಚ್ ೧೪, ಮಂಗಳವಾರ, ಬೆಳಗ್ಗೆ ಹನ್ನೊಂದು ಇಪ್ಪತ್ತು. ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಗುರುತಿಲ್ಲದ ಒಬ್ಬ ಅಕ್ಕ, ಅವಳ ತಮ್ಮ ನಿಂತಿದ್ದರು. ಬಾಗಿಲಿನ ಸಂದು ಮುಚ್ಚುವ ರಬ್ಬರ್ ಪಟ್ಟಿ ಕೊಳ್ಳಲು ಬಂದಿದ್ದರು.

“ಅಮ್ಮನ ರೂಮಿನ ಗೋಡೆಗೆಲ್ಲ ಫೋಮ್ ಹೊಡೆಸಿದ್ದಾಯ್ತಲ್ಲೋ, ಇನ್ನೂ ಹೊರಗೆ ಕೇಳಿಸುತ್ತಾ?” ಎಂದಳು ಅಕ್ಕ.

“ಮೆಟ್ಟಿಲವರೆಗೂ ಕೇಳಿಸುತ್ತೆ. ಅಮ್ಮನ ಗಂಟಲು ನಿಂಗೆ ಗೊತ್ತಲ್ಲ, ಮೈಕೇ ಬೇಡ. ಬೆಳಗ್ಗೆಯಿಂದ ‘ಏನ್ರೀ, ಏನ್ರೀ’ ಅಂತ ಅಪ್ಪನ್ನ ಕರೀತಾಳೆ.”

“ಅಪ್ಪ ಹೋದ್ರು ಅಂತ ಹೇಳಬಾರದಾ?”

“ದಿನಾ ಹೇಳ್ತೀನಿ. ದಿನಾ ಹೊಸದಾಗಿ ಅಳ್ತಾಳೆ. ಅದೂ ಪಕ್ಕದ ಮನೆಗೆ ಕೇಳುತ್ತೆ. ಇನ್ನೊಂದು ದೂರು ಬಂದ್ರೆ ಮನೆ ಖಾಲಿ ಮಾಡಿ ಅಂದಿದಾರೆ ಓನರ್.”

“ಎಲ್ಲಾ ಮುಚ್ಚಿಬಿಟ್ರೆ, ಅವಳು ಬಿದ್ದು ಕೂಗಿದ್ರೆ ನಿಂಗೆ ಹೇಗೋ ಗೊತ್ತಾಗುತ್ತೆ?”

“ಕ್ಯಾಮೆರಾ ಇದೆ. ಫೋನಲ್ಲಿ ನೋಡ್ತೀನಿ.”

“ಅದ್ರಲ್ಲಿ ಸದ್ದು ಬರುತ್ತಾ?”

“ಬರುತ್ತೆ. ಆಫ್ ಮಾಡಿಟ್ಟಿದೀನಿ.”

ಅಕ್ಕ ಅವನ ಮುಖ ನೋಡಲಿಲ್ಲ. “ಕೆಳಗಿನ ಸಂದು ಒಂದು ಬಿಟ್ಬಿಡು. ಮೂರು ಕಡೆ ಸಾಕು.”

“ಅದೊಂದು ಬಿಟ್ರೆ ಫೋಮ್ ಹೊಡೆಸಿದ್ದೆಲ್ಲ ದಂಡ ಅಕ್ಕ. ಅಷ್ಟು ಸಂಕಟ ಆದ್ರೆ ನಿಮ್ಮನೆಗೆ ಕರ್ಕೊಂಡು ಹೋಗು.”

“ನಮ್ಮದೂ ಬಾಡಿಗೆ ಮನೇನೇ ಅಲ್ವೇನೋ.”

ಅವರ ಸರದಿ ಬಂತು. ತಮ್ಮ ಬಾಗಿಲಿನ ಅಳತೆ ಹೇಳಿದ.

“ಮೂರು ಕಡೆಗಾ, ನಾಲ್ಕೂ ಕಡೆಗಾ?” ಅಂಗಡಿಯವನು ಕೇಳಿದ.

ತಮ್ಮ ಅಕ್ಕನ ಕಡೆ ತಿರುಗಿದ.

“ನಾಲ್ಕೂ ಕಡೆಗೆ ಕೊಡಿ,” ಎಂದಳು ಅಕ್ಕ.

ಅಂಗಡಿಯವನು ಪಟ್ಟಿಯನ್ನು ಅಳೆದು, ಕತ್ತರಿಸಿ, ಸುತ್ತಿ ಕೊಟ್ಟ. ಅದನ್ನು ಚೀಲಕ್ಕೆ ಹಾಕಿಕೊಂಡು ಇಬ್ಬರೂ ಹೊರಟುಹೋದರು. ಪಟ್ಟಿಯ ಉದ್ದ ಆರು ಮೀಟರ್.